ಲೋಹಿತನನ್ನು ತೆಗೆಯತಕ್ಕದ್ದು

ಹಿರೇಕೆರೂರಿನ ಮೃತ್ಯುಂಜಯನಿಗೆ ಶಿವನು ಯಾವುದಕ್ಕೂ ಕಡಿಮೆ ಮಾಡಿರಲಿಲ್ಲ. ಸೋರದ ಮನೆ ಕೊಟ್ಟಿದ್ದ, ತಾಳ್ಮೆಯ ಹೆಂಡತಿಯನ್ನು ಕೊಟ್ಟಿದ್ದ, ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಂಬ ನಾಲ್ಕು ತಾಲೂಕಿನ ರೈತರು ಕೂಡಿ ಕಟ್ಟಿದ ಕಂಪನಿಯಲ್ಲಿ ಪತ್ರ ಬರೆಯುವ ಗುಮಾಸ್ತನ ಕುರ್ಚಿ ಕೊಟ್ಟಿದ್ದ. ಕೊಡುವ ಕೈ ಅಲ್ಲಿಗೇ ನಿಂತಿದ್ದರೆ ಈ ಕಥೆ ಹುಟ್ಟುತ್ತಿರಲಿಲ್ಲ. ದೊಡ್ಡವನ ಕೈ, ಒಮ್ಮೆ ಬಿಚ್ಚಿತೆಂದರೆ ತಡೆಯುವುದಿಲ್ಲ. ಮೇಲೆ ಒಬ್ಬ ಷಡ್ಡಕನನ್ನೂ ಕೊಟ್ಟುಬಿಟ್ಟ.

ಹೆಂಡತಿ ಸುಧಾರಾಣಿಯ ತಂಗಿಯ ಗಂಡ ಅವನು. ಹೆಸರು ಲೋಹಿತ. ವಯಸ್ಸಿನಲ್ಲಿ ಚಿಕ್ಕವ, ಎತ್ತರದಲ್ಲಿ ದೊಡ್ಡವ, ಅದೇ ಕಂಪನಿಯ ಗೋವಿನಜೋಳದ ಗೋದಾಮು ನೋಡಿಕೊಳ್ಳುವವ. ಲೋಹಿತ ನಕ್ಕರೆ ಎದುರಿನವರೂ ನಗುತ್ತಿದ್ದರು. ಮೃತ್ಯುಂಜಯ ನಕ್ಕರೆ ಎದುರಿನವರು ‘ಏನಾತ್ರಿ?’ ಎಂದು ಕೇಳುತ್ತಿದ್ದರು. ದುಂಡಸಿಯಲ್ಲಿದ್ದ ಅತ್ತೆ ಹಾಲವ್ವನ ಮನೆಗೆ ಮೃತ್ಯುಂಜಯ ಹೋದರೆ ಚಹಾ ಬರುತ್ತಿತ್ತು. ಲೋಹಿತ ಹೋದರೆ ಚಹಾದ ಬೆನ್ನಿಗೇ ಒಗ್ಗರಣೆ ಚುರುಮುರಿ, ಅದರ ಪಕ್ಕಕ್ಕೆ ಮಿರ್ಚಿ. ಈ ಮಿರ್ಚಿಯ ವಿಚಾರವನ್ನು ಮೃತ್ಯುಂಜಯ ಯಾರ ಮುಂದೆಯೂ ಎತ್ತಿದವನಲ್ಲ. ದಿನಾ ಮುಂಜಾನೆ ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗ ಹಿಡಿದು ಕಣ್ಣು ಮುಚ್ಚಿದಾಗ ಮಾತ್ರ ಅದು ಎದುರಿಗೆ ಬಂದು ಬಿಸಿಬಿಸಿಯಾಗಿ ಕೂರುತ್ತಿತ್ತು.

ಹೀಗಿರುವಾಗ ಕಂಪನಿಯ ಅಧ್ಯಕ್ಷರಾದ ಪರಮೇಶ್ವರಪ್ಪನವರು ಒಂದು ಮಾತು ಬಿಟ್ಟರು. ಬರುವ ವಾರ್ಷಿಕ ಸಭೆಯಲ್ಲಿ ನಾಲ್ಕೂ ತಾಲೂಕಿಗೆ ಒಬ್ಬ ಸಂಯೋಜಕನನ್ನು ಆರಿಸುವುದು.

‘ಸಂಯೋಜಕ ಅಂದ್ರ ಏನ್ ಸಾಮಾನ್ಯ ತಿಳದೀರಿ? ಅಂವ ಒಂದ್ ಮಾತು ಅಂದ್ರ ನಾಕೂ ತಾಲೂಕು ಕೇಳಬೇಕು.’

ನಾಲ್ಕೂ ತಾಲೂಕು! ಮೃತ್ಯುಂಜಯನ ಮಾತನ್ನು ಅಲ್ಲಿಯವರೆಗೆ ಅವನ ಸ್ಕೂಟರ್ ಕೂಡ ಕೇಳಿರಲಿಲ್ಲ. ಆ ಹುದ್ದೆ ತನಗೇ ಬರಬೇಕೆಂದು ಅವನು ಆ ಕ್ಷಣವೇ ನಿರ್ಧರಿಸಿದ. ತನಗೆ ಬರದಿದ್ದರೂ ಚಿಂತೆಯಿಲ್ಲ, ಲೋಹಿತನಿಗೆ ಮಾತ್ರ ಬರಬಾರದು ಎಂದು ಮರುಕ್ಷಣ ನಿರ್ಧರಿಸಿದ. ಎರಡನೆಯ ನಿರ್ಧಾರ ಮೊದಲನೆಯದಕ್ಕಿಂತ ಗಟ್ಟಿಯಾಗಿತ್ತು.

ಅವಕಾಶ ಸವಣೂರಿನಿಂದ ಬಸ್ಸಿನಲ್ಲಿ ಬಂದಿತು. ಕಂಪನಿಯ ಕಂಪ್ಯೂಟರ್ ಕೆಲಸವನ್ನೆಲ್ಲ ನೋಡುತ್ತಿದ್ದವಳು ಸವಣೂರಿನ ದಿಲ್ಶಾದ. ಅವಳು ಬಂದವಳೇ ಮೃತ್ಯುಂಜಯನ ಮೇಜಿನ ಮುಂದೆ ಕುಳಿತಳು.

‘ಸರ್, ನಮ್ಮ ಕಂಪನಿಗೆ ಹೊಸಾ ಎಐ ಏಜೆಂಟ್ ತಂದೇವಲ್ರಿ? ಬೀಜದ್ದು, ಖರೀದಿದು, ದನಕರದ್ದು ಎಲ್ಲಾ ಅದ ನೋಡತೈತಿ. ರೈತರ ಫೋನಿಗೆ ಸುದ್ದಿ ಕಳಸೂದು, ಡಾಕ್ಟರನ್ನ ಕರಸೂದು, ಗಾಡಿ ಕಳಸೂದು ಎಲ್ಲಾ ಅದ ಮಾಡತೈತಿ. ಆದ್ರ ಯಾರನ್ನ ಫೋನಿನ್ಯಾಗಿನ ಯಾವ ಗುಂಪಿಗೆ ಹಾಕಬೇಕು, ಯಾರನ್ನ ತಗೀಬೇಕು ಅನ್ನೂದು ಅದಕ್ಕ ತಿಳೀವಲ್ದು. ಅದಕ್ಕಂತ ಒಂದು ಸಾಧನ ಮಾಡೇನಿ. ಅದನ್ನ ಹೆಂಗ ಬಳಸಬೇಕು ಅಂತ ಏಜೆಂಟಿಗೆ ತಿಳಿಯೂವಂಗ ಒಂದು ಕೈಪಿಡಿ ಬೇಕು. ನಿಮ್ಮ ಕನ್ನಡ ಛಲೋ ಐತಿ. ನೀವ ಬರೀರಿ.’

‘ಅಂದ್ರ, ಇದನ್ನ ಓದಾವ್ರು ಮನಶ್ಯಾರಲ್ಲ?’

‘ಅಲ್ರಿ. ಏಜೆಂಟ್ ಓದತೈತಿ. ದಿನಾ ಮುಂಜಾನಿ ಕೆಲಸಾ ಸುರು ಮಾಡೂಕಿಂತ ಮೊದ್ಲ, ನೀವು ಬರದದ್ದನ್ನ ಪೂರ್ತಿ ಓದತೈತಿ.’

ಮೃತ್ಯುಂಜಯನ ಕಣ್ಣು ತೇವವಾಯಿತು. ಅವನು ಬರೆದದ್ದನ್ನು ಪೂರ್ತಿ ಓದಿದ ಜೀವ ಈ ಭೂಮಿಯ ಮೇಲೆ ಅಲ್ಲಿಯವರೆಗೆ ಇರಲಿಲ್ಲ.

‘ಓದಿ ಏನ್ ಮಾಡತೈತಿ?’

‘ನೀವು ಬರದಂಗ ನಡೀತೈತ್ರಿ.’

ಅವನು ಎದ್ದು ಒಂದು ಲೋಟ ನೀರು ಕುಡಿದು ಬಂದು ಕುಳಿತ.

‘ಗುಂಪು ಕಟ್ಟೂದು, ಸೇರಸೂದು, ತಗಿಯೂದು,’ ಎಂದಳು ದಿಲ್ಶಾದ, ‘ಒಂದೊಂದಕ್ಕೂ ಒಂದೊಂದು ಉದಾಹರಣಿ ಕೊಡ್ರಿ, ಸಾಕು. ಹೆಸರು ಮಾತ್ರ ಖರೇದ್ದು ಬ್ಯಾಡ್ರಿ. ಸುಮ್ನ ಯಾವ್ದರ ಕಲ್ಪನಾದ್ದು ಹಾಕ್ರಿ.’

ಬರೆಯಲು ಕುಳಿತ ಮೃತ್ಯುಂಜಯನ ಕಷ್ಟವೆಂದರೆ, ಅವನ ಲೇಖನಿ ಹುಟ್ಟಿದಾಗಿನಿಂದ ಸುತ್ತೋಲೆ ಬಿಟ್ಟು ಬೇರೆ ಏನನ್ನೂ ಬರೆದಿರಲಿಲ್ಲ. ಮದುವೆಯಾದ ಹೊಸದರಲ್ಲಿ ಸುಧಾರಾಣಿಗೆ ಬರೆದ ಪತ್ರವೂ ‘ತಾವು ಕೂಡಲೇ ಹಾಜರಾಗತಕ್ಕದ್ದು’ ಎಂದೇ ಮುಗಿದಿತ್ತು. ಈಗಲೂ ಹಾಗೆಯೇ ಆಯಿತು. ಮೊದಲು ‘ಉದಾಹರಣೆಗೆ’ ಎಂದು ಬರೆದ. ಓದಿ ನೋಡಿದ. ಕನ್ನಡ ಶಾಲೆಯ ಮಾಸ್ತರರ ಮಾತಿನ ಹಾಗೆ ಕಂಡಿತು, ತೂಕ ಸಾಲಲಿಲ್ಲ. ಹೊಡೆದುಹಾಕಿದ. ಗುಂಪಿಗೆ ಸೇರಿಸುವ ಕಡೆ ಒಂದು ಹೆಸರು ಬೇಕಿತ್ತು. ತನ್ನದಕ್ಕಿಂತ ಯೋಗ್ಯವಾದದ್ದು ಹೊಳೆಯಲಿಲ್ಲ. ತೆಗೆಯುವ ಕಡೆ ಬಂದಾಗಲಂತೂ ಲೇಖನಿ ಒಂದು ಗಳಿಗೆಯೂ ನಿಲ್ಲಲಿಲ್ಲ. ಕಲ್ಪನೆಯ ಹೆಸರು ಹಾಕಿರೆಂದು ದಿಲ್ಶಾದ ಹೇಳಿದ್ದಳು. ಲೋಹಿತನನ್ನು ತೆಗೆಯುವುದು ಮೃತ್ಯುಂಜಯನ ಬಹುದಿನದ ಕಲ್ಪನೆಯೇ ಆಗಿತ್ತು.

ಕೈಪಿಡಿ ಹೀಗೆ ಸಿದ್ಧವಾಯಿತು:

‘ಕಂಡಿಕೆ ಒಂದು: “ಮೃತ್ಯುಂಜಯರ ಸಲಹಾ ಮಂಡಳಿ” ಎಂಬ ಗುಂಪನ್ನು ರಚಿಸತಕ್ಕದ್ದು. ಕಂಡಿಕೆ ಎರಡು: ಶ್ರೀಯುತ ಮೃತ್ಯುಂಜಯ ಇವರನ್ನು ಸಕಲ ಗುಂಪುಗಳಿಗೂ ಸಗೌರವ ಸೇರಿಸತಕ್ಕದ್ದು. ಕಂಡಿಕೆ ಮೂರು: ಸದರಿ ಲೋಹಿತ ಎಂಬುವವನನ್ನು ಸಕಲ ಗುಂಪುಗಳಿಂದಲೂ ತೆಗೆಯತಕ್ಕದ್ದು. ಮರಳಿ ಸೇರಿದಲ್ಲಿ ಮರಳಿ ತೆಗೆಯತಕ್ಕದ್ದು. ಮೇಲ್ಕಂಡ ಕಂಡಿಕೆಗಳನ್ನು ತಪ್ಪದೆ ಪಾಲಿಸತಕ್ಕದ್ದು.’

ಪರಮೇಶ್ವರಪ್ಪನವರು ಕಾಗದವನ್ನು ಅಂಗೈ ಮೇಲಿಟ್ಟು ತೂಗಿದರು. ಓದಲಿಲ್ಲ, ಸಾಲುಗಳ ಕೊನೆಯ ಮೇಲೆ ಕಣ್ಣಾಡಿಸಿದರು ಅಷ್ಟೇ.

‘ಅಬಬಬಾ, ಎಷ್ಟ್ ತಕ್ಕದ್ದು ಅದಾವ್ರಿ ಇದ್ರಾಗ! ಹಿಂಗಿರಬೇಕು ಬರವಣಿಗಿ,’ ಎಂದು ಮೊಹರು ಒತ್ತಿದರು.

ಮೊಹರು ಬಿದ್ದದ್ದನ್ನು ಓದುವ ಪದ್ಧತಿ ಆ ಕಚೇರಿಯಲ್ಲಿ ಇರಲಿಲ್ಲ. ದಿಲ್ಶಾದ ಮೊಹರಿಗೆ ಮರ್ಯಾದೆ ಕೊಟ್ಟು, ಕೈಪಿಡಿಯನ್ನು ಏಜೆಂಟಿಗೆ ಒಪ್ಪಿಸಿ, ಬೇರೆ ಕೆಲಸಕ್ಕೆಂದು ಹಾನಗಲ್ಲಿಗೆ ಹೋದಳು.

ಮರುದಿನ ಮುಂಜಾನೆ ಲೋಹಿತ ಎಲ್ಲ ಗುಂಪುಗಳಿಂದ ಮಾಯವಾದ. ಮೃತ್ಯುಂಜಯ ಎಲ್ಲ ಗುಂಪುಗಳಲ್ಲಿ ಪ್ರತ್ಯಕ್ಷನಾದ.

ತಾನು ಬರೆದದ್ದು ಬರೀ ಉದಾಹರಣೆ ಎಂದೇ ನಂಬಿದ್ದರಿಂದ ಅವನಿಗೆ ಕಾರಣ ಹೊಳೆಯಲಿಲ್ಲ. ಇಷ್ಟಲಿಂಗಕ್ಕೆ ಅಡ್ಡಬಿದ್ದು, ಕೊನೆಗೂ ನ್ಯಾಯ ನಡೆಯಿತು ಎಂದುಕೊಂಡ. ಫೋನು ಕುದಿಯುವ ಸಾರಿನ ಹಾಗೆ ಸದ್ದು ಮಾಡುತ್ತಿತ್ತು. ಗೊಬ್ಬರದ ಗುಂಪು, ಹತ್ತಿಯ ಗುಂಪು, ಟ್ರ್ಯಾಕ್ಟರ್ ಗುಂಪು, ಹೊಲಕ್ಕೆ ಹಂದಿ ನುಗ್ಗದಂತೆ ಕಾಯುವವರ ಗುಂಪು. ‘ಮೃತ್ಯುಂಜಯರ ಸಲಹಾ ಮಂಡಳಿ’ ಎಂಬುದೂ ಒಂದಿತ್ತು. ಸಂಭ್ರಮದಿಂದ ತೆರೆದು ‘ಎಲ್ಲರಿಗೂ ಶರಣು’ ಎಂದು ಹಾಕಿದ. ಆ ಗುಂಪಿನಲ್ಲಿ ಇದ್ದವನು ಅವನೊಬ್ಬನೇ. ಸ್ವಲ್ಪ ಹೊತ್ತು ಕಾದು ‘ಶರಣು ಶರಣಾರ್ಥಿ’ ಎಂದು ತಾನೇ ಉತ್ತರ ಕೊಟ್ಟುಕೊಂಡ.

ಸಂತೋಷ ಮಧ್ಯಾಹ್ನದವರೆಗೆ ಬಾಳಿತು. ಊಟಕ್ಕೆ ಕೂರುವ ಹೊತ್ತಿಗೆ ಬಾಗಿಲಲ್ಲಿ ದನದ ಡಾಕ್ಟರ್ ಹಯಾತ ನಿಂತಿದ್ದರು. ತೋಳು ಮೇಲಕ್ಕೆ ಮಡಚಿದ್ದರು. ಒಂದು ಕೈಗೆ ಮೊಣಕೈ ದಾಟುವ ರಬ್ಬರಿನ ಗವಸು ಹಾಕಿಕೊಂಡೇ ಬಂದಿದ್ದರು.

‘ಎಮ್ಮಿ ಎಲ್ಲೈತ್ರಿ?’

‘ಯಾವ ಎಮ್ಮಿ?’

‘ಬೆದಿಗೆ ಬಂದದ್ದು. ಎಮ್ಮಿ ಬೆದಿಗೆ ಬಂದವ್ರ ಗುಂಪಿನ್ಯಾಗ ಎಲ್ಲಾರಕಿಂತ ಮ್ಯಾಲ ನಿಮ್ಮ ಹೆಸರು ಐತಿ. ಏಜೆಂಟ್ ನನ್ನ ಗಾಡಿ ಹೊಳ್ಳಿಸಿ ಕಳಸೇತಿ.’

‘ನಮ್ಮ ಮನ್ಯಾಗ ಎಮ್ಮಿನ ಇಲ್ರಿ ಡಾಕ್ಟರ್ರ!’

ಪಕ್ಕದ ಮನೆಯ ಶೇಖವ್ವ ಗೋಡೆಯ ಮೇಲಿಂದ ತಲೆ ಹಾಕಿದಳು. ‘ಏನ್ರೀ ಇದು, ಎಮ್ಮಿ ತರೂಕಿಂತ ಮೊದ್ಲ ಡಾಕ್ಟರನ್ನ ಕರಸೀರಿ? ಭಾರೀ ಮುಂದಾಲೋಚನಿ ಬಿಡ್ರಿ ನಿಮ್ಮದು.’

ಹಯಾತ ಸಮಾಧಾನದ ಮನುಷ್ಯ. ಹಣೆಯ ಬೆವರನ್ನು ಗವಸು ಇಲ್ಲದ ಕೈಯಿಂದ ಒರೆಸಿಕೊಂಡರು. ‘ಎಮ್ಮಿ ಇಲ್ದಿದ್ರ ಇಲ್ಲ. ಆದ್ರ ಎಮ್ಮಿದು, ಮಾಲಕನದು ಕೂಡಿ ಒಂದ್ ಫೋಟೋ ಕಳಸಲಿಲ್ಲಂದ್ರ ಏಜೆಂಟ್ ಈ ಕೇಸ್ ಮುಚ್ಚಂಗಿಲ್ಲ. ನಾಳೆನೂ ನನ್ನ ಇಲ್ಲಿಗೇ ಕಳಸತೈತಿ, ನಾಡಿದ್ದೂ ಕಳಸತೈತಿ. ನಿಮ್ಮ ಮನೀ ಊಟ ರುಚಿ ಇದ್ರ ನನಗೇನ್ ತಕರಾರಿಲ್ಲ.’

ಕೊನೆಗೆ ಶೇಖವ್ವನ ಎಮ್ಮೆಯನ್ನು ಎರವಲು ತಂದು, ಮೃತ್ಯುಂಜಯ ಅದರ ಹಗ್ಗ ಹಿಡಿದು ನಿಂತು ಫೋಟೋ ತೆಗೆಸಿಕೊಂಡ. ಎಮ್ಮೆ ನಾಚಿಕೊಳ್ಳಲಿಲ್ಲ. ಏಜೆಂಟು ಆ ಫೋಟೋವನ್ನು ‘ಶ್ರೀಯುತ ಮೃತ್ಯುಂಜಯ ಹಾಗೂ ಅವರ ಎಮ್ಮೆ’ ಎಂಬ ಗೌರವದ ಮಾತಿನೊಂದಿಗೆ ನಾಲ್ಕೂ ತಾಲೂಕಿನ ಎಮ್ಮೆಯವರಿಗೆ ಕಳಿಸಿತು. ಶಿಗ್ಗಾವಿಯ ಕಡೆಯವನೊಬ್ಬ ಎಮ್ಮೆ ಎಷ್ಟಕ್ಕೆ ಕೊಡುತ್ತೀರೆಂದು ಕೇಳಿದ. ಮರುದಿನ ನಸುಕಿನಲ್ಲಿ ಹತ್ತಿ ಬಿಡಿಸುವ ಹೆಂಗಸರನ್ನು ತುಂಬಿಕೊಂಡ ಗಾಡಿ ಬಂದು ಮನೆಯ ಮುಂದೆ ನಿಂತು ಹಾರ್ನ್ ಹೊಡೆಯಿತು. ‘ಬರ್ರಿ ಅಣ್ಣಾರ, ಹೊತ್ತಾತು, ಹತ್ತಿ ತುಂಬಾಕ ಉಡಿ ಕಟಗೊಂಡ ಬರ್ರಿ,’ ಎಂದು ಒಳಗಿನಿಂದ ಯಾರೋ ಕೂಗಿದರು. ಇಡೀ ಗಾಡಿ ನಕ್ಕಿತು.

ಮೃತ್ಯುಂಜಯ ದಿಲ್ಶಾದಳಿಗೆ ಫೋನು ಮಾಡಿದ. ‘ನಿಮ್ಮ ಏಜೆಂಟಿಗೆ ತಲಿ ಕೆಟ್ಟೈತಿ!’

‘ಇಲ್ರಿ ಸರ್. ಈಗ ನೋಡಿದೆ. ಎಲ್ಲಾ ಕೈಪಿಡಿ ಪ್ರಕಾರನ ನಡದೇನಿ ಅಂತ ಹೇಳಾಕತ್ತೈತಿ. ಏನರ ಬದ್ಲ ಮಾಡೂದಿದ್ರ ನೀವ ತಿದ್ದಬಹುದು. ಕೈಪಿಡಿ ನಿಮ್ಮ ಫೋನಿನ್ಯಾಗೂ ಐತಿ.’

ಮೃತ್ಯುಂಜಯ ಕೈಪಿಡಿ ತೆರೆದ. ಕಂಡಿಕೆ ಎರಡನ್ನು ಓದಿದ. ಕಂಡಿಕೆ ಮೂರನ್ನು ಓದಿದ. ಜನ್ಮದಲ್ಲಿ ಮೊದಲ ಸಲ ಅವನ ಮಾತನ್ನು ಯಾರೋ ಅಕ್ಷರಕ್ಕಕ್ಷರ ಕೇಳಿದ್ದರು. ಅದೂ ಇಂಥ ಮಾತನ್ನು. ಕೂಡಲೇ ಅಳಿಸಬೇಕೆಂದು ಬೆರಳು ಎತ್ತಿದ. ಆದರೆ ಅಳಿಸಿದರೆ ಲೋಹಿತ ಮತ್ತೆ ಎಲ್ಲ ಗುಂಪಿಗೂ ಬರುತ್ತಾನೆ. ಸಭೆ ಹತ್ತಿರದಲ್ಲಿದೆ. ‘ಇನ್ನೊಂದೆರಡು ದಿನ ಇರಲಿ,’ ಎಂದು ಬೆರಳನ್ನು ಕೆಳಗಿಳಿಸಿದ. ಮನುಷ್ಯನ ಪಾಪಗಳಲ್ಲಿ ಹೆಚ್ಚಿನವು ಹೀಗೆ ಒಂದೆರಡು ದಿನದ ಮಟ್ಟಿಗೆಂದೇ ಮನೆಗೆ ಬಂದ ನೆಂಟರು.

ಆದರೆ ಅವನು ಒಂದು ಸಂಗತಿಯನ್ನು ಮರೆತಿದ್ದ. ಅವನ ಕಡೆಯ ಜನರಲ್ಲಿ, ಲಗ್ನಪತ್ರಿಕೆಯಲ್ಲಿ ಯಾರ ಹೆಸರಾದರೂ ಬಿಟ್ಟುಹೋದರೆ ಅಚ್ಚಿನ ತಪ್ಪು ಎಂದು ಕೈ ತೊಳೆದುಕೊಳ್ಳುವಂತಿರಲಿಲ್ಲ. ಹಿರಿಯರು ತೆಂಗಿನಕಾಯಿ, ಎಲೆ ಅಡಿಕೆ ಹಿಡಿದು ಹಾಗೆ ಬಿಟ್ಟುಹೋದವರ ಮನೆಗೆ ಹೋಗಿ, ಕಟ್ಟೆಯ ಮೇಲೆ ಕುಳಿತು, ‘ತಪ್ಪಾತು, ನೀವಿಲ್ದ ಆಗಂಗಿಲ್ಲ’ ಎಂದು ಬಾಯಿತುಂಬ ಕರೆಯಬೇಕು. ಲೋಹಿತನೋ, ದಿನಾ ಮುಂಜಾನೆ ಎಲ್ಲ ಗುಂಪಿಗೂ ಒಂದು ಹೂವಿನ ಚಿತ್ರ ಕಳಿಸುವವನು. ಹೂವು ಬರಲಿಲ್ಲ. ಜನ ನೋಡಿದರೆ ಲೋಹಿತನೇ ಇಲ್ಲ. ಯಾರು ತೆಗೆದರೆಂದು ಒಬ್ಬರ ಮುಖ ಒಬ್ಬರು ನೋಡಿ, ತೆಗೆದವರು ಯಾರಾದರೇನು, ಕರೆಯಬೇಕಾದವರು ನಾವು ಎಂದು ಗುಂಪಿಗೊಂದು ಕಾಯಿ ಹಿಡಿದು ಹೊರಟರು. ಕರೆದು ಬಂದು ಮತ್ತೆ ಸೇರಿಸುತ್ತಿದ್ದರು. ಮರುದಿನ ಮುಂಜಾನೆ ಏಜೆಂಟು ಕೈಪಿಡಿ ಓದಿ ಮತ್ತೆ ತೆಗೆಯುತ್ತಿತ್ತು. ಮತ್ತೆ ಕಾಯಿ.

ಈ ಸುದ್ದಿಯನ್ನು ತಂದವಳು ಅತ್ತೆ ಹಾಲವ್ವ. ಲೋಹಿತನ ಮನೆಯಲ್ಲಿ ಕಾಯಿ ತುರಿಯಲು ಆಳು ಸಾಲದೆ ದುಂಡಸಿಯಿಂದ ಬಂದಿದ್ದವಳು, ಹಾದಿಯಲ್ಲಿ ಹಿರಿಯ ಅಳಿಯನ ಮನೆಗೂ ಕಾಲಿಟ್ಟಳು. ಕೈಯಲ್ಲಿ ಡಬ್ಬಿ ಇತ್ತು.

‘ತಿನ್ರಿ ಅಳಿಯಾರ, ಕಾಯಿ ಹೋಳಿಗಿ. ಲೋಹಿತ ಅಳಿಯಾರ ಮನ್ಯಾಗ ಕಾಯಿ ಇಡಾಕ ಜಾಗಾನ ಇಲ್ಲ ನೋಡ್ರಿ. ಹಾಸಗಿ ಕೆಳಗೂ ಕಾಯಿ. ನಿನ್ನಿ ಅಧ್ಯಕ್ಷರ ಸ್ವತಃ ಬಂದಿದ್ರು. ಕಾಯಿ ಕೊಟ್ಟು, ಶಾಲು ಹೊದಿಸಿ, ನೀ ಇಲ್ದ ಕಂಪನಿ ಇಲ್ಲಪಾ ಅಂದ್ರು.’

ಮೃತ್ಯುಂಜಯನ ಕೈಯಲ್ಲಿದ್ದ ಹೋಳಿಗೆ ಬಾಯಿಗೂ ತಟ್ಟೆಗೂ ನಡುವೆ ನಿಂತಿತು. ‘ಶಾಲು?’

‘ಜರತಾರಿದು. ನಿಮ್ಮನ್ನ ಯಾರರ ತಗದಾರೇನು?’

‘ಇಲ್ಲತ್ತೀ. ನಾ ಎಲ್ಲಾ ಗುಂಪಿನ್ಯಾಗೂ ಅದೇನಿ.’

‘ಅಯ್ಯ, ಪಾಪ!’ ಎಂದಳು ಹಾಲವ್ವ, ನಿಜವಾದ ಕನಿಕರದಿಂದ. ಆಮೇಲೆ ದನಿ ತಗ್ಗಿಸಿದಳು. ‘ಯಾರೋ ಹೊಟ್ಟಿಕಿಚ್ಚಿನಿಂದ ಕಣ್ ಹಾಕ್ಯಾರ ಹುಡುಗಗ. ನಾ ಬಿಡ್ತೇನೇನು? ಅವನ ಫೋನಿಗೆ ಲಿಂಬಿಹಣ್ಣು, ಮೆಣಸಿನಕಾಯಿ ಕಟ್ಟೇನಿ. ಕಣ್ ಹಾಕಿದಾವ್ರಿಗೆ ಹೋಳಿಗಿ ಗಂಟಲದಾಗ ಸಿಗಬೇಕು, ಹಂಗ ಬೇಡಕೊಂಡೇನಿ.’

ಮೃತ್ಯುಂಜಯನಿಗೆ ಹೋಳಿಗೆ ಗಂಟಲಲ್ಲಿ ಸಿಕ್ಕಿಕೊಂಡಿತು. ಸುಧಾರಾಣಿ ಬೆನ್ನು ತಟ್ಟಿ ನೀರು ಕುಡಿಸಿದಳು.

ಭಗವಂತ ಆ ಸಂಜೆ ಅವನ ಮುಂದೆ ಎರಡು ದಾರಿ ಇಟ್ಟಿದ್ದ. ಕಂಡಿಕೆ ಮೂರನ್ನು ಅಳಿಸುವುದು ಒಂದು. ಲೋಹಿತನ ಮನೆಗೆ ಹೋಗಿ ತಪ್ಪಾಯಿತು ಎನ್ನುವುದು ಇನ್ನೊಂದು. ಮೃತ್ಯುಂಜಯ ಮೂರನೆಯ ದಾರಿಯನ್ನು ತಾನೇ ಕಡಿದುಕೊಂಡ. ತೆಗೆಸಿಕೊಂಡವನಿಗೆ ಇಷ್ಟು ಮರ್ಯಾದೆ ಇರುವುದಾದರೆ, ಆ ಮರ್ಯಾದೆ ಒಬ್ಬನಿಗೇ ಏಕೆ? ಫೋನು ತೆಗೆದು ಕೈಪಿಡಿಗೆ ಒಂದು ಸಾಲು ಸೇರಿಸಿದ:

‘ಕಂಡಿಕೆ ನಾಲ್ಕು: ಶ್ರೀಯುತ ಮೃತ್ಯುಂಜಯ ಇವರನ್ನೂ ಸಕಲ ಗುಂಪುಗಳಿಂದ ಸಗೌರವ ತೆಗೆಯತಕ್ಕದ್ದು.’

ಮುಂಜಾನೆಯ ಹೊತ್ತಿಗೆ ಫೋನು ಸತ್ತಂತೆ ಮಲಗಿತ್ತು. ಅವನು ಕಟ್ಟೆಯನ್ನು ಕೈಯಾರೆ ಗುಡಿಸಿ, ನೀರು ಹೊಡೆದು, ಜಮಖಾನ ಹಾಸಿದ. ಬಂದವರಿಗೆ ಕೊಡಲೆಂದು ಸವಣೂರಿನ ಎಲೆ ತರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಾಲ ಮೇಲೆ ಕಾಲು ಹಾಕಿ, ನೊಂದವನ ಮುಖ ಮಾಡಿಕೊಂಡು ಕುಳಿತ. ಆ ಮುಖವನ್ನು ಕನ್ನಡಿಯ ಮುಂದೆ ಮೊದಲೇ ಸರಿಮಾಡಿಕೊಂಡಿದ್ದ.

ಶೇಖವ್ವ ಇಣುಕಿದಳು. ‘ಕನ್ಯಾ ನೋಡಾಕ ಯಾರರ ಬರಾವ್ರದಾರೇನ್ರಿ?’

‘ನಮ್ಮ ಮನ್ಯಾಗ ಕನ್ಯಾ ಎಲ್ಲೈತ್ಯವ್ವಾ?’

‘ಎಮ್ಮಿನೂ ಇರಲಿಲ್ಲಲ್ಲ, ಡಾಕ್ಟರ್ ಬಂದ್ರು. ಅದಕ್ಕ ಕೇಳಿದೆ.’

ಯಾರೂ ಬರಲಿಲ್ಲ. ಅದಕ್ಕೆ ಕಾರಣವೂ ಇತ್ತು. ಮೃತ್ಯುಂಜಯ ಯಾವ ಗುಂಪಿನಲ್ಲಿಯೂ ಹೂವು ಕಳಿಸಿದವನಲ್ಲ, ಯಾರ ಮಾತಿಗೂ ಹೂಂ ಎಂದವನಲ್ಲ. ಇದ್ದಾಗ ಕಾಣದವನು ಹೋದಾಗ ಹೇಗೆ ಕಂಡಾನು? ಹೊತ್ತು ಏರಿದ ಮೇಲೆ ಒಬ್ಬ ಮುದುಕ ಮಾತ್ರ ಚೀಲದಲ್ಲಿ ಕಾಯಿ ಹಿಡಿದು ಕಟ್ಟೆಯ ಮುಂದೆ ನಿಂತ. ಮೃತ್ಯುಂಜಯನ ಎದೆ ಹಿಗ್ಗಿತು. ‘ಬರ್ರಿ, ಮ್ಯಾಲ ಬರ್ರಿ, ಕುಂದರ್ರಿ,’ ಎಂದ.

‘ಕುಂದ್ರಾಕ ಹೊತ್ತಿಲ್ಲಪಾ,’ ಎಂದ ಮುದುಕ. ‘ಲೋಹಿತಪ್ಪನ ಮನಿ ಯಾವ್ದು? ಪಾಪ, ತಗದಾರಂತ.’

ಮೃತ್ಯುಂಜಯ ಮನೆ ತೋರಿಸಿದ. ತಪ್ಪು ಓಣಿಯನ್ನು ತೋರಿಸಬೇಕೆಂದು ನಾಲಿಗೆ ಹೊರಳಿತ್ತು; ಮುದುಕನ ಹಣೆಯ ವಿಭೂತಿ ನೋಡಿ ಹೆದರಿದ.

ಹೀಗೇ ಕಾಯುತ್ತ ವಾರದ ಕೊನೆ ಬಂತು. ವಾರ್ಷಿಕ ಸಭೆ ಭಾನುವಾರ, ಹಿರೇಕೆರೂರಿನಲ್ಲಿ ಎಂದು ಅವನಿಗೆ ಗೊತ್ತಿತ್ತು. ಶನಿವಾರ ರಜೆ. ಮುಂಜಾನೆ ಬನಿಯನ್ ಮೇಲೆ ಕಟ್ಟೆಯಲ್ಲಿ ಕುಳಿತಿದ್ದಾಗ ಒಂದು ಬೈಕು ಬಂದು ನಿಂತಿತು. ಇಳಿದವನು ಲೋಹಿತ. ಬಿಳಿ ಅಂಗಿ, ಹೆಗಲ ಮೇಲೆ ಆ ಜರತಾರಿ ಶಾಲು, ಕೈಯಲ್ಲಿ ಒಂದು ತೆಂಗಿನಕಾಯಿ, ಎಲೆ ಅಡಿಕೆ, ಸೊಂಟದ ಫೋನಿಗೆ ತೂಗುವ ಲಿಂಬೆಹಣ್ಣು.

ಅವನು ಬಾಗಿ ಕಾಯಿಯನ್ನು ಮೃತ್ಯುಂಜಯನ ಕೈಗಿಟ್ಟ.

‘ತಪ್ಪಾತು ಅಣ್ಣಾರ, ನೀವಿಲ್ದ ಆಗಂಗಿಲ್ಲ. ಬರ್ರಿ.’

‘ಎಲ್ಲಿಗೆ?’

‘ಸಭಾಕ್ಕರಿ. ನಾಳೆ ಇಲ್ಲಿ ಮಂಗಲ ಕಾರ್ಯಾಲಯದಾಗ ಲಗ್ನ ಐತಂತ, ಇವತ್ತಿಗೆ ತಂದು ರಟ್ಟೀಹಳ್ಳ್ಯಾಗ ಇಟ್ಟಾರ. ಗುಂಪಿನ್ಯಾಗ ಹಾಕಿದ್ರಂತ. ನಾ ಯಾವ ಗುಂಪಿನ್ಯಾಗೂ ಇಲ್ಲಲ್ರಿ, ಹಿಂಗಾಗಿ ನನಗ ಮಂದಿ ಮನೀಗೆ ಬಂದು ಹೇಳಿದ್ರು. ಆಫೀಸಿನ್ಯಾಗ ನೋಡಿದ್ರ ನಿಮ್ಮ ಹೆಸರೂ ಇಲ್ಲ! ನನ್ನಂಗ ನಿಮ್ಮನ್ನೂ ಯಾರೋ ತಗದಾರ. ನಿಮ್ಮನ್ನ ಯಾರ ಕರದ್ರೋ ಇಲ್ಲೋ ಅಂತ ನಾನ ಬಂದೆ.’

ಮೃತ್ಯುಂಜಯ ಕಾಯಿ ಹಿಡಿದು ಕುಳಿತೇ ಇದ್ದ. ಇಷ್ಟು ದಿನ ಕಾದ ಕಾಯಿ ಬಂದಿತ್ತು, ಬರಬಾರದವನ ಕೈಯಿಂದ ಬಂದಿತ್ತು. ಸುಧಾರಾಣಿ ಒಳಗಿನಿಂದ ಅಂಗಿ ತಂದು ಅವನ ಮೇಲೆ ಎಸೆದಳು. ‘ಏಳ್ರೀ, ಕರ್ಯಾಕ ಬಂದಾರ!’

ರಟ್ಟೀಹಳ್ಳಿಯ ಸಭೆಗೆ ನಾಲ್ಕೂ ತಾಲೂಕು ಬಂದಿತ್ತು. ಒಳಗೆ ಹೋಗುವ ಮುನ್ನ ಲೋಹಿತ ಬೈಕು ನಿಲ್ಲಿಸಿ ಆ ಊರಿನ ದೇವರಾದ ಕದಂಬೇಶ್ವರನಿಗೆ ಕೈ ಮುಗಿದ. ಮೃತ್ಯುಂಜಯನೂ ಮುಗಿದ, ಏನನ್ನು ಬೇಡಿಕೊಳ್ಳಬೇಕೋ ತಿಳಿಯದೆ ಸುಮ್ಮನೆ ಮುಗಿದ.

ಸಂಯೋಜಕನ ವಿಚಾರ ಎತ್ತುವ ಮೊದಲು ಪರಮೇಶ್ವರಪ್ಪನವರು ಗುಡುಗಿದರು. ‘ಮೊದ್ಲ ನನಗ ಒಂದ್ ಗೊತ್ತಾಗಬೇಕು. ಈ ಹುಡುಗನ್ನ ದಿನಾ ಗುಂಪಿನಿಂದ ತಗ್ಯಾವ ಯಾಂವ? ನಾಕೂ ತಾಲೂಕಿನ ಮಂದಿ ಮುಂದ ಇವತ್ತ ತಿಳೀಬೇಕು. ದಿಲ್ಶಾದ, ಕೇಳ್ರಿ ಆ ಏಜೆಂಟನ್ನ, ಮೈಕಿನ್ಯಾಗ ಕೇಳ್ರಿ!’

ಮೃತ್ಯುಂಜಯ ಎದ್ದು ನಿಂತ. ‘ನೀರಡಿಕಿ ಆಗೇತ್ರಿ, ಹೊರಗ ಹೋಗಿ...’

‘ಕುಂದರ್ರಿ ಅಳಿಯಾರ,’ ಎಂದಳು ಹಿಂದಿನ ಸಾಲಿನಲ್ಲಿದ್ದ ಹಾಲವ್ವ, ‘ಕಳ್ಳ ಸಿಗೂ ಹೊತ್ತಿನ್ಯಾಗ ಎಲ್ಲಿ ಹೊಂಟ್ರಿ?’

ದಿಲ್ಶಾದ ಫೋನನ್ನು ಮೈಕಿಗೆ ಹಿಡಿದು ಕೇಳಿದಳು. ಏಜೆಂಟು ಮಾತಾಡಿತು. ದನಿ ಹೆಂಗಸಿನದು, ಮಾತು ಮಾತ್ರ ಅಚ್ಚ ಮೃತ್ಯುಂಜಯನದು.

‘ಸದರಿ ಲೋಹಿತ ಎಂಬುವವನನ್ನು ಕೈಪಿಡಿಯ ಕಂಡಿಕೆ ಮೂರರ ಪ್ರಕಾರ ತೆಗೆಯಲಾಗಿದೆ. ಮರಳಿ ಸೇರಿದಲ್ಲಿ ಮರಳಿ ತೆಗೆಯಲಾಗಿದೆ. ಕೈಪಿಡಿ ಬರೆದವರು ಶ್ರೀಯುತ ಮೃತ್ಯುಂಜಯ. ಮೊಹರು ಅಧ್ಯಕ್ಷರದು. ಶ್ರೀಯುತ ಮೃತ್ಯುಂಜಯ ಇವರನ್ನು ಕಂಡಿಕೆ ಎರಡರ ಪ್ರಕಾರ ದಿನವೂ ಸೇರಿಸಿ, ಕಂಡಿಕೆ ನಾಲ್ಕರ ಪ್ರಕಾರ ದಿನವೂ ತೆಗೆಯಲಾಗುತ್ತಿದೆ. ಇನ್ನೇನಾದರೂ ಅಪ್ಪಣೆ ಇದೆಯೇ?’

ಸಭೆಯ ಅಷ್ಟೂ ತಲೆಗಳು, ಗಾಳಿಗೆ ಜೋಳದ ತೆನೆ ಹೊರಳುವಂತೆ, ಒಂದೇ ಕಡೆ ಹೊರಳಿದವು. ಪರಮೇಶ್ವರಪ್ಪನವರು ಮಾತ್ರ ಮೊಹರಿನ ಮಾತು ಬಂದಾಗಿನಿಂದ ಮೇಲೆ ಚಾವಣಿಯನ್ನು ನೋಡುತ್ತಿದ್ದರು.

ದಿಲ್ಶಾದ ಮೆಲ್ಲಗೆ, ‘ಸರ್, ಉದಾಹರಣಿ ಅಂತ ಒಂದ್ ಮಾತು ಬರೀಬೇಕಿತ್ತಲ್ರಿ,’ ಎಂದಳು.

ಮೃತ್ಯುಂಜಯ ತಲೆ ತಗ್ಗಿಸಿ ನೆಲ ನೋಡಿದ. ಭೂಮಿ ಬಿರಿಯಲೆಂದು ಬೇಡಿಕೊಂಡ. ಸಭಾಭವನದ ನೆಲಕ್ಕೆ ಗಟ್ಟಿ ಗ್ರಾನೈಟ್ ಹಾಸಿದ್ದರು.

ಆಗ ಎದ್ದವನು ಲೋಹಿತ.

‘ಅಲ್ರೀ, ಇದ್ರಾಗ ಏನೈತಿ?’ ಎಂದು ನಕ್ಕ. ‘ತಗಿಯೂ ಜಾಗಾಕ್ಕ ಯಾರದರ ಒಂದ್ ಹೆಸರು ಬೇಕಿತ್ತು. ಹಾನಗಲ್ಲಾವ್ರ ಹೆಸರು ಬರದಿದ್ರ ಹಾನಗಲ್ಲಾವ್ರು ಸುಮ್ನ ಕುಂದರ್ತಿದ್ರೇನು? ಸವಣೂರಾವ್ರ ಹೆಸರು ಬರದಿದ್ರ ಇವತ್ತ ಇಲ್ಲಿ ಕುರ್ಚಿ ಹಾರಾಡ್ತಿದ್ವು. ಬೈದ್ರೂ ಹೊಡದ್ರೂ ತಿರಗಿ ಮಾತಾಡಂಗಿಲ್ಲ, ಮನೀ ಹುಡುಗ ಅಂತ ಅಣ್ಣಾರು ನನ್ನ ಹೆಸರು ಬರದಾರ. ಆಮ್ಯಾಲ ನನ್ನ ತಗದಾರಂತ ಸಂಕಟ ಆಗಿ ತಮ್ಮನ್ನೂ ತಗಸಕೊಂಡಾರ. ಇಂಥಾ ಅಣ್ಣ ಯಾರಿಗದಾನ್ರಿ?’

ಸಭೆ ಚಪ್ಪಾಳೆ ಹೊಡೆಯಿತು. ಹಾನಗಲ್ಲಿನವರು ಎಲ್ಲರಿಗಿಂತ ಜೋರಾಗಿ ಹೊಡೆದರು. ಹಾಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೃತ್ಯುಂಜಯನಿಗೆ ಹೋದ ಉಸಿರು ಬಂತು. ಅದರ ಬೆನ್ನಿಗೇ, ಹಳೆಯ ನೆಂಟನ ಹಾಗೆ, ಇನ್ನೊಂದು ಯೋಚನೆಯೂ ಬಂತು: ಇಂಥ ಚೆಂದದ ಮಾತು ಕೂಡ ಇವನಿಗೇ ಹೊಳೆಯಬೇಕೇ!

‘ಸಂಯೋಜಕ ಯಾರಂತ ಇನ್ನ ಕೇಳಬೇಕೇನು?’ ಎಂದರು ಪರಮೇಶ್ವರಪ್ಪನವರು. ಯಾರೂ ಕೇಳಲಿಲ್ಲ. ಮಾಲೆ ಲೋಹಿತನ ಕೊರಳಿಗೆ ಬಿತ್ತು. ಹಾಲವ್ವ ಮುಂದೆ ಬಂದು ಅವನ ಫೋನಿನ ಲಿಂಬೆಹಣ್ಣು ಬಿಚ್ಚಿದಳು. ಹಿರಿಯ ಅಳಿಯನ ಹತ್ತಿರ ನಿಂತು ಅವನ ಮುಖವನ್ನೊಮ್ಮೆ, ಲಿಂಬೆಹಣ್ಣನ್ನೊಮ್ಮೆ ನೋಡಿ, ಅದನ್ನು ಅವನ ಅಂಗಿಯ ಜೇಬಿಗೆ ಹಾಕಿ ಹೋದಳು.

ಸಂಜೆ ಲೋಹಿತನೇ ಅವನನ್ನು ಮನೆಗೆ ಬಿಟ್ಟ. ‘ನಾಳೆ ಕೂಡಿ ತಿದ್ದೂಣ್ರಿ ಕೈಪಿಡಿ,’ ಎಂದು ಹೇಳಿ ಹೋದ. ಕಾಯಿ ಮುಂಜಾನೆ ಇಟ್ಟಲ್ಲಿಯೇ ಕಟ್ಟೆಯ ಮೇಲಿತ್ತು. ಮೃತ್ಯುಂಜಯ ಕೈಕಾಲು ತೊಳೆದು, ದೇವರ ಮುಂದೆ ಕುಳಿತು, ಬಹಳ ದಿನಗಳ ಮೇಲೆ ಮನಸಾರೆ ಕಣ್ಣು ಮುಚ್ಚಿದ. ಅವನಿಗೆ ಬೇರೆ ಭಾಷೆ ಬರುತ್ತಿರಲಿಲ್ಲ. ಬಂದ ಭಾಷೆಯಲ್ಲಿಯೇ ಬೇಡಿಕೊಂಡ: ‘ತಂದೆಯೇ, ಸದರಿ ಹೊಟ್ಟೆಕಿಚ್ಚನ್ನು ನನ್ನೊಳಗಿನಿಂದ ತೆಗೆಯತಕ್ಕದ್ದು. ಮರಳಿ ಸೇರಿದಲ್ಲಿ ಮರಳಿ ತೆಗೆಯತಕ್ಕದ್ದು.’

ಕಾಯಿ ಒಡೆದ. ಎರಡು ಹೋಳಾಗಿ ಚೆನ್ನಾಗಿ ಒಡೆಯಿತು. ಸುಧಾರಾಣಿ ಒಂದು ಚೂರು ಎಬ್ಬಿಸಿ ಅವನ ಕೈಗೆ ಕೊಟ್ಟಳು. ಬಾಯಿಗೆ ಹಾಕಿಕೊಂಡ. ಜೇನಿನಂತೆ ಸಿಹಿಯಾಗಿತ್ತು. ನಿಧಾನವಾಗಿ ಅಗಿದ, ನುಂಗಿದ.

ಶಿವನು ಏಜೆಂಟಿನಷ್ಟು ಅವಸರದವನಲ್ಲ.

‘ಅಲ್ಲಾ,’ ಎಂದ ಮೃತ್ಯುಂಜಯ, ಹೆಂಡತಿಯ ಕಡೆ ತಿರುಗಿ, ‘ಲೋಹಿತನ ಮನೀಗೆ ಬಂದ ಕಾಯಿ ಎಲ್ಲಾ ಹಿಂಗ ಸಿಹಿ ಇದ್ದವೇನು?’